ಮೈಸೂರು ಗಾಡಿ

ಕಳೆದ ವರ್ಷ ನನಗೆ ಬಂದ ಅನುವಾದದ ಕೆಲಸಗಳಲ್ಲಿ ತೀರಾ ಚಿಕ್ಕದು ಹನ್ನೊಂದು ಪುಟದ್ದು. ನಾಲ್ಕು ಇನ್‌ಲ್ಯಾಂಡ್ ಪತ್ರ, ಎರಡು ಕಾರ್ಡು, ಅರ್ಧ ಹರಿದ ಒಂದು ಲೆಕ್ಕದ ಹಾಳೆ, ಮಿಕ್ಕವು ಇಂಗ್ಲಿಷಿನ ಸರ್ಕಾರಿ ಕಾಗದಗಳು. ಪತ್ರಗಳೆಲ್ಲ 1957ರಿಂದ 1967ರ ನಡುವಿನವು. ಸಕಲೇಶಪುರದ ಹತ್ತಿರದ ಕಾಫಿ ತೋಟದಿಂದ ಅಣ್ಣ ಮದರಾಸಿನ ತಮ್ಮನಿಗೆ ಬರೆದವು. ಅನುವಾದಕ್ಕೆ ದುಡ್ಡು ಕೊಡುತ್ತಿದ್ದವರು ಇವರ ಮನೆಯವರಲ್ಲ, ಇಂಗ್ಲೆಂಡಿನ ಒಬ್ಬ ಅಪರಿಚಿತರು. ಆ ಪತ್ರಗಳಲ್ಲಿ ಬರುವ ಕಾರು ಈಗ ಅವರ ಬಳಿ ಇದೆ.

ಕಾರು 1951ರ ಜಾಗ್ವಾರ್ ಎಕ್ಸ್‌ಕೆ 120. ಎರಡೇ ಸೀಟು, ಮೇಲೆ ಬಟ್ಟೆಯ ಹುಡ್ಡು, ಉದ್ದನೆಯ ಬಾನೆಟ್ಟು. ಆ ಕಾರು ತಯಾರಾದಾಗಿನ ಕಥೆ ಅವರಿಗೆ ಗೊತ್ತು, ತಾವು ಕೊಂಡ ಮೇಲಿನ ಕಥೆಯೂ ಗೊತ್ತು. ನಡುವಿನ ಭಾರತದ ವರ್ಷಗಳು ಮಾತ್ರ ಖಾಲಿ. ಆ ಜಾಗ ತುಂಬಿಸಲು ಅವರು ಹುಡುಕುತ್ತ ಹುಡುಕುತ್ತ ಚೆನ್ನೈನ ಈ ಕನ್ನಡ ಮನೆಯನ್ನು ತಲುಪಿದ್ದರು. ಮನೆಯವರ ಮೂಲಕ ನನ್ನನ್ನು ತಲುಪಿದರು. ಮೊದಲ ಮೇಲ್‌ನಲ್ಲೇ ಅವರೊಂದು ಪ್ರಶ್ನೆ ಕೇಳಿದ್ದರು: ಇದು ಮೈಸೂರು ಮಹಾರಾಜರ ಕಾರು ಎಂದು ಮನೆಯವರು ಹೇಳುತ್ತಾರೆ, ಪತ್ರದಲ್ಲಿ ಅದಕ್ಕೆ ಆಧಾರ ಇದೆಯೇ?

ಹಳೆಯ ಕಾರಿನ ಲೋಕದಲ್ಲಿ ಈ ಪ್ರಶ್ನೆಗೆ ಬೆಲೆ ಇದೆ. ಒಂದೇ ಮಾದರಿಯ, ಒಂದೇ ಸ್ಥಿತಿಯ ಎರಡು ಕಾರುಗಳಿದ್ದು, ಒಂದರ ಹಿಂದೆ ಅರಮನೆಯ ಹೆಸರಿದ್ದರೆ ಹರಾಜಿನಲ್ಲಿ ಅದರ ದಾರಿಯೇ ಬೇರೆ. ಹಾಗಾಗಿ ಭಾರತದಿಂದ ಹೊರಹೋದ ಹಳೆಯ ಕಾರುಗಳಲ್ಲಿ ಮಹಾರಾಜರದ್ದು ಅನ್ನಿಸಿಕೊಂಡವು ಬಹಳ. ತೋಟದ ಮಾಲೀಕರು, ಡಾಕ್ಟರು, ವಕೀಲರು, ಗುತ್ತಿಗೆದಾರರು, ಹಡಗಿನ ಏಜೆಂಟರು ಓಡಿಸಿದ ಕಾರುಗಳು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ.

ಕಾರ್ಖಾನೆಯ ಪುಸ್ತಕ

ಯುದ್ಧ ಮುಗಿದಾಗ ಬ್ರಿಟನ್ನಿಗೆ ಸಾಲವಿತ್ತು, ಉಕ್ಕಿನ ಕೊರತೆ ಇತ್ತು. ಯಾವ ಕಾರ್ಖಾನೆ ಹೆಚ್ಚು ರಫ್ತು ಮಾಡುತ್ತದೋ ಅದಕ್ಕೆ ಹೆಚ್ಚು ಉಕ್ಕು ಎಂಬ ಲೆಕ್ಕದಲ್ಲಿ ಸರ್ಕಾರ ಹಂಚುತ್ತಿತ್ತು. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾಣಿಸಿಕೊಂಡದ್ದು ಈ ಕಾಲದಲ್ಲಿ. 3.4 ಲೀಟರಿನ ಆರು ಸಿಲಿಂಡರ್ ಇಂಜಿನ್. 1949ರ ಮೇ ತಿಂಗಳಲ್ಲಿ ಬೆಲ್ಜಿಯಂನ ಯಬ್ಬೆಕೆ ರಸ್ತೆಯಲ್ಲಿ ಗಂಟೆಗೆ 132 ಮೈಲಿಗೂ ಮಿಗಿಲಾಗಿ ಓಡಿ ಹೆಸರು ಮಾಡಿತು. ಮೊದಲ ಇನ್ನೂರ ಚಿಲ್ಲರೆ ಕಾರುಗಳಿಗೆ ಮೈ ಅಲ್ಯೂಮಿನಿಯಂನದು, ಆಮೇಲಿನವಕ್ಕೆ ಉಕ್ಕಿನದು. 1954ರಲ್ಲಿ ನಿಲ್ಲಿಸುವ ಹೊತ್ತಿಗೆ ಸುಮಾರು 12,000 ಕಾರುಗಳಾಗಿದ್ದವು. ಅದರಲ್ಲಿ ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಅಮೆರಿಕಕ್ಕೆ ಹೋದವು. ಅಮೆರಿಕದಲ್ಲಿ ಸ್ಟಿಯರಿಂಗ್ ಎಡಕ್ಕೆ. ನಮ್ಮ ಕಡೆಯಂತೆ ಬಲಕ್ಕೆ ಸ್ಟಿಯರಿಂಗ್ ಇರುವ ತೆರೆದ ಕಾರುಗಳು ಸಾವಿರದ ಇನ್ನೂರರ ಆಸುಪಾಸು. ಗಟ್ಟಿ ಮಾಡಿನ ಕೂಪೆಯಲ್ಲಂತೂ ಬಲಗಡೆಯವು ಇನ್ನೂರನ್ನೂ ಮುಟ್ಟಲಿಲ್ಲ. ನಮ್ಮ ಕಾರನ್ನು ಅಪರೂಪದ್ದು ಅನ್ನುವುದು ಈ ಲೆಕ್ಕದಲ್ಲಿ.

ಎಕ್ಸ್‌ಕೆ 120ರ ಚಾಸಿ ನಂಬರು ಆರು ಅಂಕೆಯದು. ಬಲಗಡೆ ಸ್ಟಿಯರಿಂಗಿನ ತೆರೆದ ಕಾರು 660001ರಿಂದ ಶುರು, ಎಡಗಡೆಯದು 670001ರಿಂದ. ಬಲಗಡೆಯ ಕೂಪೆ 669001, ಎಡಗಡೆಯದು 679001. ಇಂಜಿನ್ ನಂಬರು ಡಬ್ಲ್ಯೂ ಅಕ್ಷರದಿಂದ ಶುರುವಾಗಿ, ಕೊನೆಯಲ್ಲಿ ಒಂದು ಗೆರೆ ಎಳೆದು 7 ಅಥವಾ 8 ಎಂದಿರುತ್ತದೆ. ಅದು ಕಂಪ್ರೆಷನ್ನಿನ ಪ್ರಮಾಣ. ಒಳ್ಳೆಯ ಪೆಟ್ರೋಲು ಸಿಗದ ಊರಿಗೆ ಹೋಗುವ ಇಂಜಿನ್ನಿಗೆ 7. ಭಾಷಾಶಾಸ್ತ್ರ ಓದಿದವರಿಗೆ ಇದು ನೋಡಿದ ತಕ್ಷಣ ಇಷ್ಟವಾಗುತ್ತದೆ. ನಾವು ‘ಮನೆ’ಗೆ ‘ಯಿಂದ’ ಹಚ್ಚಿ ಎಲ್ಲಿಂದ ಎಂದು ತಿಳಿಸುವ ಹಾಗೆ, ಅವರು ಒಂದು ಅಂಕೆ ಹಚ್ಚಿ ಎಲ್ಲಿಗೆ ಎಂದು ತಿಳಿಸುತ್ತಿದ್ದರು.

ಈ ನಂಬರು ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ಸುಲಭ. ಕಾರ್ಖಾನೆಯಿಂದ ಹೊರಡುವ ಪ್ರತಿ ಕಾರನ್ನೂ ಕಾವೆಂಟ್ರಿಯಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ದಾಖಲೆಗಳು ಈಗ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಬಳಿ ಇವೆ. ಕಾರಿನ ಒಡೆಯರು ಕೇಳಿದರೆ ಟ್ರಸ್ಟಿನವರು ಪುಸ್ತಕ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಚಾಸಿ, ಇಂಜಿನ್, ಬಾಡಿ, ಗೇರ್‌ಬಾಕ್ಸ್ ನಂಬರುಗಳು, ಮೈಬಣ್ಣ, ಸೀಟಿನ ಬಣ್ಣ, ತಯಾರಾದ ದಿನ, ಕಳಿಸಿದ ದಿನ, ಯಾವ ಊರಿನ ಡೀಲರಿಗೆ ಕಳಿಸಿದರು ಎಂಬುದು ಇರುತ್ತದೆ. ಕೆಲವೊಮ್ಮೆ ಮೊದಲ ಒಡೆಯರ ಹೆಸರೂ ಇರುತ್ತದೆ. ಎಂಜಿ, ಆಸ್ಟಿನ್, ಮೋರಿಸ್, ಟ್ರಯಂಫ್ ಕಾರುಗಳಿಗೆ ಇಂಥದೇ ಕೆಲಸವನ್ನು ವಾರಿಕ್‌ಷೈರಿನ ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಮಾಡುತ್ತದೆ.

ಇಂಗ್ಲೆಂಡಿನ ಆ ಮಹನೀಯರು ಪ್ರಮಾಣಪತ್ರದ ನಕಲು ಕಳಿಸಿದ್ದರು. ಅದರಲ್ಲಿ ಡೀಲರಿನ ಊರು ಬೊಂಬಾಯಿಯಲ್ಲ, ಮದರಾಸಲ್ಲ, ಬೆಂಗಳೂರೂ ಅಲ್ಲ. ಕೊಲಂಬೊ.

ಕೊಲಂಬೊದಿಂದ ಮಲೆನಾಡಿಗೆ

ಮೊದಲಿಗೆ ಮನೆಯವರಿಗೆ ಇದು ತಪ್ಪು ಕಾಗದ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. 1949ರಲ್ಲಿ ಭಾರತ ಸರ್ಕಾರ ಪೂರ್ತಿ ಜೋಡಿಸಿದ ಕಾರುಗಳ ಆಮದನ್ನು ನಿಲ್ಲಿಸಿತ್ತು. ಬಿಡಿಭಾಗಗಳಾಗಿ ತಂದು ಇಲ್ಲಿ ಜೋಡಿಸಬೇಕಿತ್ತು. ಮದರಾಸಿನಲ್ಲೇ ಎಣ್ಣೂರಿನ ಅಶೋಕ್ ಮೋಟಾರ್ಸ್ ಆಸ್ಟಿನ್ ಎ40 ಜೋಡಿಸಿತು. ಇದೇ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ವಂಡಲೂರಿನ ದಿಕ್ಕಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ವ್ಯಾನ್‌ಗಾರ್ಡ್ ಜೋಡಿಸಿತು. 1953ರಲ್ಲಿ ಸುಂಕ ಆಯೋಗವು ಬರೀ ಜೋಡಿಸುವವರು ಸಾಲದು, ಇಲ್ಲೇ ತಯಾರಿಸುವ ಯೋಜನೆ ಇರುವವರು ಮಾತ್ರ ಇರಲಿ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಅಂಗಡಿ ಮುಚ್ಚಿಕೊಂಡು ಹೋದವು. ಇಂಥ ಕಾಲದಲ್ಲಿ ಎರಡು ಸೀಟಿನ ಜಾಗ್ವಾರನ್ನು ಜೋಡಿಸುವವರು ಯಾರು? ಅಂಥ ಕಾರು ಬರಬೇಕಿದ್ದರೆ ವಿಶೇಷ ಪರವಾನಗಿಯಲ್ಲಿ ಬರಬೇಕು, ಇಲ್ಲವೇ ಹೊರಗಿನಿಂದ ಇಲ್ಲಿಗೆ ವಾಸ ಬದಲಿಸುವವರು ತಮ್ಮ ಸ್ವಂತ ಕಾರೆಂದು ತರಬೇಕು.

ಸಿಲೋನಿಗೆ ಆ ಕಟ್ಟು ಇರಲಿಲ್ಲ. ಅಲ್ಲೂ ಸ್ಟಿಯರಿಂಗ್ ಬಲಕ್ಕೆ. ಅಲ್ಲಿಯ ಟೀ ತೋಟ, ನಮ್ಮ ಮಲೆನಾಡಿನ ಕಾಫಿ ತೋಟ, ನೀಲಗಿರಿ ಎಲ್ಲವನ್ನೂ ಒಂದೇ ಬಗೆಯ ಇಂಗ್ಲಿಷ್ ಪ್ಲಾಂಟರುಗಳು ನೋಡಿಕೊಳ್ಳುತ್ತಿದ್ದರು. ಅಲ್ಲಿಂದ ಇಲ್ಲಿಗೆ ಕೆಲಸ ಬದಲಿಸುವುದು ಅವರಲ್ಲಿ ಹೊಸದಲ್ಲ. 1957ರ ಮೊದಲ ಪತ್ರದಲ್ಲಿ ಅಣ್ಣ ಬರೆದಿದ್ದರು: ಪಕ್ಕದ ಎಸ್ಟೇಟಿನ ದೊರೆ ಊರಿಗೆ ಹೋಗುತ್ತಿದ್ದಾನೆ, ಕೊಲಂಬೊದಿಂದ ತಂದಿದ್ದ ಚಿಕ್ಕ ಗಾಡಿ ಮಾರುತ್ತಾನಂತೆ, ಒಂದು ಟಯರು ಹೋಗಿದೆ, ಮಳೆಗಾಲಕ್ಕೆ ಮುಂಚೆ ತೀರ್ಮಾನ ಮಾಡಬೇಕು.

ಆ ಒಂದು ವಾಕ್ಯ ಕಾವೆಂಟ್ರಿಯ ಪುಸ್ತಕದ ಜೊತೆ ಜೋಡಿಯಾಯಿತು. ಇಂಗ್ಲಿಷ್ ದಾಖಲೆಯಲ್ಲಿ ಕೊಲಂಬೊ ಎಂಬ ಊರಿದೆ, ಕನ್ನಡದ ಪತ್ರದಲ್ಲಿ ಕೊಲಂಬೊದಿಂದ ಎಂಬ ವಿಭಕ್ತಿ ಇದೆ. ಇವೆರಡನ್ನೂ ಒಟ್ಟಿಗೆ ಓದಿದವರು ಆವರೆಗೆ ಯಾರೂ ಇರಲಿಲ್ಲ. ಪ್ರಮಾಣಪತ್ರ ಇಂಗ್ಲೆಂಡಿನಲ್ಲಿತ್ತು, ಪತ್ರ ಚೆನ್ನೈನ ಒಂದು ಬೀರುವಿನಲ್ಲಿತ್ತು.

ಯಾವ ಮೈಸೂರು

ಹಾಗಾದರೆ ಮಹಾರಾಜರು ಎಲ್ಲಿಂದ ಬಂದರು?

ಮನೆಯಲ್ಲಿ ಒಂದು ಫೋಟೊ ಇದೆ. ಹಿಂದೆ ಅಂಬಾವಿಲಾಸ ಅರಮನೆ, ಮುಂದೆ ಕಾರು, ಕಾರಿನ ಬಾನೆಟ್ಟಿಗೆ ಒರಗಿ ನಿಂತ ಅಣ್ಣ. ದಸರೆಗೆ ಹೋದಾಗ ತೆಗೆಸಿದ್ದಿರಬೇಕು. ಎರಡನೆಯದು, 1958ರ ಪತ್ರದಲ್ಲಿ ತಮ್ಮನಿಗೆ ಬರೆದ ಮಾತು: ಮೈಸೂರು ಗಾಡಿ ಅಂತ ಅಲ್ಲಿ ತಕರಾರು ಮಾಡಿಯಾರು, ವರ್ಷದೊಳಗೆ ನಂಬರು ಬದಲಾಯಿಸಿಕೊ. ಮನೆಯ ಮಕ್ಕಳು, ಮೊಮ್ಮಕ್ಕಳು ಚೆನ್ನೈನಲ್ಲಿ ಓದಿದವರು. ಕನ್ನಡ ಮಾತಾಡುತ್ತಾರೆ, ಕೈಬರಹದ ಕನ್ನಡ ಓದಲು ತಡವರಿಸುತ್ತಾರೆ. ಅವರಿಗೆ ಆ ಪುಟದಲ್ಲಿ ಕಂಡದ್ದು ‘ಮೈಸೂರು ಗಾಡಿ’ ಎಂಬ ಎರಡು ಪದ. ಫೋಟೊದಲ್ಲಿ ಅರಮನೆ. ಕಥೆ ತಾನಾಗಿ ಬೆಳೆಯಿತು.

ಆದರೆ 1958ರ ‘ಮೈಸೂರು’ ಎಂದರೆ ಊರು ಮಾತ್ರವಲ್ಲ, ಅರಮನೆಯೂ ಅಲ್ಲ. ಅದು ರಾಜ್ಯದ ಹೆಸರು. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ಹಾಸನ ಜಿಲ್ಲೆಯ ಗಾಡಿಗೂ ಎಂ.ವೈ. ಅಕ್ಷರದಿಂದ ಶುರುವಾಗುವ ನಂಬರು, ಮದರಾಸಿನ ಗಾಡಿಗೆ ಎಂ.ಎಸ್., ಎಂ.ಡಿ. ಎಂಬಂಥ ಅಕ್ಷರಗಳು. ಈಗಿನ ಕೆ.ಎ., ಟಿ.ಎನ್. ಬಂದದ್ದು 1989ರಲ್ಲಿ. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಅಣ್ಣ ಹೇಳುತ್ತಿದ್ದುದು ಅದನ್ನೇ. ಇವತ್ತು ಹೊಸೂರು ದಾಟಿದ ಮೇಲೆ ‘ಕರ್ನಾಟಕದ ಗಾಡಿ’ ಎಂದು ಪೊಲೀಸರು ಕೈ ಅಡ್ಡ ಹಿಡಿದರೆ ನಾವು ಗೊಣಗುತ್ತೇವಲ್ಲ, ಅದೇ ಮಾತಿನ ಅರವತ್ತೈದು ವರ್ಷದ ಹಿಂದಿನ ರೂಪ.

ಮೈಸೂರು ಅರಮನೆಗೂ ಕಾರುಗಳಿಗೂ ಇರುವ ನಂಟಿನ ಕಥೆಗಳಿಗೆ ಮೊದಲೇ ಬರವಿಲ್ಲ. ರೋಲ್ಸ್ ರಾಯ್ಸ್ ಕಂಪನಿಯಲ್ಲಿ ಒಂದೇ ಸಲಕ್ಕೆ ಏಳು ಕಾರು ಮಾರಿದರೆ ‘ಡೂಯಿಂಗ್ ಎ ಮೈಸೂರ್’ ಎನ್ನುತ್ತಿದ್ದರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಇಂಥ ಕಥೆ ಗಾಳಿಯಲ್ಲಿರುವಾಗ ‘ಮೈಸೂರು ಗಾಡಿ’ ಎಂಬ ಮಾತು ಒಮ್ಮೆ ಇಂಗ್ಲಿಷಿಗೆ ದಾಟಿದರೆ ಮತ್ತೆ ರಾಜ್ಯದ ಅರ್ಥಕ್ಕೆ ಮರಳುವುದು ಕಷ್ಟ.

ಮದರಾಸು ಬಂದರು, 1967

ತಮ್ಮ ಈ ಕಾರನ್ನು ಮದರಾಸಿನಲ್ಲಿ ಸುಮಾರು ಒಂಬತ್ತು ವರ್ಷ ಓಡಿಸಿದರು. ನಗರದ ಉತ್ತರಕ್ಕೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ನಡೆಸುತ್ತಿತ್ತು. ಇರುಂಗಾಟ್ಟುಕೋಟೆಯ ಟ್ರ್ಯಾಕು ಬರುವವರೆಗೆ ದಕ್ಷಿಣದ ಮೋಟಾರು ಹುಚ್ಚಿನವರಿಗೆಲ್ಲ ಅದೇ ಕ್ಷೇತ್ರ. ಲೆಕ್ಕದ ಹಾಳೆಯಲ್ಲಿ ಶೋಲಾವರಂಗೆ ಪೆಟ್ರೋಲು, ಇಡ್ಲಿ, ಪ್ಲಗ್ಗು ನಾಲ್ಕು ಎಂದು ಬರೆದಿದೆ. ಗೆದ್ದದ್ದಾಗಲಿ ಸೋತದ್ದಾಗಲಿ ಬರೆದಿಲ್ಲ.

ಕೊನೆಯ ಪತ್ರ 1967ರ ಸೆಪ್ಟೆಂಬರಿನದು. ಗಾಡಿ ಕೊಟ್ಟುಬಿಡು, ಬಿಡಿಭಾಗ ಸಿಗದ ಗಾಡಿಗೆ ಎಷ್ಟು ದಿನ ಸುರಿಯುತ್ತೀ ಎಂದು ಅಣ್ಣ ಬೈದಿದ್ದಾರೆ. ಅದರ ಹಿಂದಿನ ಲೆಕ್ಕ ಪತ್ರದಲ್ಲಿಲ್ಲ, ಆದರೆ ಕಾಲದಲ್ಲಿದೆ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. ಡಾಲರಿಗೆ 4.76 ಇದ್ದದ್ದು 7.50 ಆಯಿತು. 7,500 ರೂಪಾಯಿಯ ಹಳೆಯ ಕಾರೊಂದು ಮೊದಲು ಹೊರಗಿನವರಿಗೆ 1,575 ಡಾಲರು ಬೀಳುತ್ತಿದ್ದರೆ, ಒಂದೇ ರಾತ್ರಿಯಲ್ಲಿ 1,000 ಡಾಲರಿಗೆ ಬಂತು. ಇಲ್ಲಿ ಬಿಡಿಭಾಗ ತರಿಸಲು ಪರವಾನಗಿ ಇಲ್ಲ, ಅಲ್ಲಿ ಹಳೆಯ ಕಾರು ಹುಡುಕುವವರು ಹೆಚ್ಚುತ್ತಿದ್ದಾರೆ. ಭಾರತದಿಂದ ಕಾರುಗಳು ಹಡಗು ಹತ್ತಿದ್ದು ಇಂಥ ವರ್ಷಗಳಲ್ಲಿ. ರಾಜಕೋಟೆಯ ಠಾಕೋರ ಸಾಹೇಬರಿಗಾಗಿ 1934ರಲ್ಲಿ ಕಟ್ಟಿದ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಕೇಸರಿ ಬಣ್ಣದ ರೋಲ್ಸ್ ರಾಯ್ಸ್ ದೇಶ ಬಿಟ್ಟದ್ದು 1968ರಲ್ಲಿ. ಅದನ್ನು ಅದೇ ಮನೆತನ 2010ರಲ್ಲಿ ಮತ್ತೆ ಕೊಂಡಿತು. ಅಂಥ ಮರಳುವಿಕೆ ತೀರಾ ಅಪರೂಪ.

ನಮ್ಮ ಕಾರಿನ ರಫ್ತಿನ ದಾಖಲೆ ಫೈಲಿನಲ್ಲಿದ್ದ ಒಂದು ಶಿಪ್ಪಿಂಗ್ ಬಿಲ್ಲಿನ ಕಾರ್ಬನ್ ಪ್ರತಿ. ಹೊರದೇಶಕ್ಕೆ ಏನು ಕಳಿಸಿದರೂ ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ ಕೊಡಬೇಕು. ಸರಕಿನ ಪೂರ್ತಿ ಬೆಲೆ ವಿದೇಶಿ ಹಣವಾಗಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕಿಗಾಗಿ ಜಿ.ಆರ್. ಫಾರಂ ಎಂಬ ಇನ್ನೊಂದನ್ನು ಆಗ ತುಂಬಬೇಕಿತ್ತು. ಮದರಾಸಿನಲ್ಲಿ ಇದೆಲ್ಲ ನಡೆಯುತ್ತಿದ್ದದ್ದು ಬಂದರಿನ ಎದುರಿನ ಕಸ್ಟಮ್ ಹೌಸಿನಲ್ಲಿ, ಈಗಿನ ರಾಜಾಜಿ ಸಾಲೈನಲ್ಲಿ. ಆ ವರ್ಷ ಜೂನಿನ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತ್ತು, ಮತ್ತೆ ತೆರೆದದ್ದು 1975ರಲ್ಲಿ. ಹಾಗಾಗಿ ಇಂಗ್ಲೆಂಡಿಗೆ ಹೋಗುವ ಹಡಗು ಆಫ್ರಿಕದ ತುದಿ ಸುತ್ತಿ ಹೋಗಬೇಕಿತ್ತು.

ಆ ಬಿಲ್ಲಿನಲ್ಲಿ ಸರಕಿನ ವಿವರ ಹೀಗಿದೆ: ಬಳಸಿದ ಹಳೆಯ ಮೋಟಾರು ಕಾರು, ಒಂದು. ಜಾಗ್ವಾರ್ ಎಂದಿಲ್ಲ, ಸ್ಪೋರ್ಟ್ಸ್ ಕಾರು ಎಂದಿಲ್ಲ. ಕಸ್ಟಮ್ಸ್‌ನವರಿಗೆ ಬೇಕಾದದ್ದು ವರ್ಗ ಮತ್ತು ಬೆಲೆ. ಅದೃಷ್ಟಕ್ಕೆ ಗುಮಾಸ್ತರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಇಂಜಿನ್ ನಂಬರು ಬರೆದುಕೊಂಡಿದ್ದರು. ಡಬ್ಲ್ಯೂ, ನಾಲ್ಕು ಅಂಕೆ, ಗೆರೆ, 7. ಕಾವೆಂಟ್ರಿಯ ಪುಸ್ತಕದಲ್ಲಿದ್ದ ಅದೇ ನಂಬರು. ಆ ಪೆನ್ಸಿಲ್ ಗುರುತು ಇಲ್ಲದಿದ್ದರೆ ಈ ಕಾಗದ ಯಾವ ಕಾರಿಗೂ ಸಲ್ಲುತ್ತಿತ್ತು.

1970ರ ದಶಕದ ಆರಂಭದಲ್ಲಿ ಹಳೆಯ ಕಾರುಗಳ ರಫ್ತಿಗೆ ಸರ್ಕಾರ ತಡೆ ಹಾಕಿತು. ಗಮನಿಸಿ, 1972ರ ಪ್ರಾಚ್ಯವಸ್ತು ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ. ಆ ಕಾಯ್ದೆ ನೂರು ವರ್ಷ ತುಂಬಿದ ವಸ್ತುಗಳಿಗೆ, ಆಗ ದೇಶದ ಯಾವ ಕಾರಿಗೂ ಅಷ್ಟು ವಯಸ್ಸಾಗಿರಲಿಲ್ಲ. ಕಾರುಗಳಿಗೆ ಬೇರೆಯದೇ ನಿಯಮ ಬೇಕಾಯಿತು. ಇಲ್ಲೇ ಉಳಿದ ಕಾರುಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲಿರುವ ಗಾಡಿಗೆ ವಿ.ಎ. ಅಕ್ಷರಗಳಿರುವ ನಂಬರು, ಶುಲ್ಕ 20,000 ರೂಪಾಯಿ. ಮೂಲ ರೂಪ ಎಂಬುದನ್ನು ತೋರಿಸುವುದಕ್ಕೂ ಕೊನೆಗೆ ಬೇಕಾಗುವುದು ಇಂಥ ಕಾಗದಗಳೇ.

ಎರಡು ಪದದ ಅನುವಾದ

ಅನುವಾದ ಕಳಿಸಿದಾಗ ‘ಮೈಸೂರು ಗಾಡಿ’ಯನ್ನು ನಾನು ‘ಮೈಸೂರು ರಾಜ್ಯದ ನೋಂದಣಿ ಇರುವ ಕಾರು’ ಎಂದು ಬಿಡಿಸಿ ಬರೆದೆ. ಯಾಕೆ ಹಾಗೆ ಎಂದು ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಬಹಳ ಸೌಜನ್ಯದ ಉತ್ತರ. ಮೂಲದಲ್ಲಿ ಎರಡೇ ಪದ ಇವೆ, ನೀವು ಅದನ್ನು ಉದ್ದ ಮಾಡಿದ್ದೀರಿ, ‘ಮೈಸೂರ್ ಕಾರ್’ ಎಂದಷ್ಟೇ ಇಟ್ಟರೆ ಮೂಲಕ್ಕೆ ಇನ್ನೂ ನಿಷ್ಠವಾಗುವುದಿಲ್ಲವೇ ಎಂದು ಕೇಳಿದ್ದರು.

ಕೇಳಿದ್ದು ತಪ್ಪಲ್ಲ. ಪದಕ್ಕೆ ಪದ ಇಟ್ಟರೆ ಅದೇ ಸರಿ. ಆದರೆ 1958ರಲ್ಲಿ ಆ ಪತ್ರ ಓದಿದ ತಮ್ಮನಿಗೆ ಅರಮನೆ ಹೊಳೆದಿರಲಿಲ್ಲ, ಆರ್‌ಟಿಒ ಆಫೀಸು ಹೊಳೆದಿತ್ತು. ಇವತ್ತು ಹರಾಜಿನ ಪುಸ್ತಕದಲ್ಲಿ ‘ಮೈಸೂರ್ ಕಾರ್’ ಎಂದು ಓದಿದವರಿಗೆ ಆರ್‌ಟಿಒ ಹೊಳೆಯುವುದಿಲ್ಲ. ಪದ ಉಳಿದು ಅರ್ಥ ಹೋದರೆ ಅದನ್ನು ನಿಷ್ಠೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ನನ್ನ ಹೆಸರು, ಸಹಿ ಇರುವ ಪುಟದಲ್ಲಿ ಬಿಡಿಸಿದ ರೂಪವೇ ಇರಬೇಕು, ಬೇಡವಾದರೆ ನನ್ನ ಪುಟ ಬಳಸಬೇಡಿ ಎಂದು ಬರೆದೆ. ಅವರು ಒಪ್ಪಿದರು. ಕಾರಿನ ಕಡತದಲ್ಲಿ ಈಗ ಕೊಲಂಬೊ, ಸಕಲೇಶಪುರ, ಮದರಾಸು ಎಂಬ ಮೂರು ಊರುಗಳಿವೆ, ಅರಮನೆ ಇಲ್ಲ.

ಇದಕ್ಕಿಂತ ಕಷ್ಟವಾದದ್ದು ಮನೆಯವರಿಗೆ ಹೇಳುವುದು. ಪತ್ರ ಬರೆದ ಅಣ್ಣನ ಮಗಳಿಗೆ ಈಗ ಎಂಬತ್ತು ದಾಟಿದೆ. ಮಹಾರಾಜರ ಕಾರಿನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿದ್ದು ಅವರೇ. ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾವ ನಂಬರು ಯಾವುದಕ್ಕೆ ಸೇರುತ್ತದೆ ಎಂದು ಒಂದೊಂದಾಗಿ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ಕೇಳಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

“ಹಾಗಾದ್ರೆ ಅಪ್ಪ ಅದನ್ನ ದುಡ್ಡು ಕೊಟ್ಟು ತಗೊಂಡಿದ್ದು?”

“ಹೌದಮ್ಮ. ಎರಡು ಕಂತಿನಲ್ಲಿ. ಎರಡನೇ ಕಂತಿಗೆ ಮೆಣಸು ಮಾರಿದರಂತೆ, ಪತ್ರದಲ್ಲಿದೆ.”

“ಅದನ್ನೂ ಇಂಗ್ಲಿಷ್‌ಗೆ ಹಾಕಿದ್ಯೇನಮ್ಮ?”

ಹಾಕಿದ್ದೇನೆ ಎಂದೆ. ಅದು ಎಲ್ಲಿದೆ ಎಂದು ಕೇಳಿ, ಆ ಸಾಲಿನ ಮೇಲೆ ಬೆರಳಿಟ್ಟು, ಮೊಮ್ಮಗನನ್ನು ಕರೆದು ಜೋರಾಗಿ ಓದಿಸಿದರು.

ನಿಮ್ಮ ಮನೆಯ ಬೀರುವಿನಲ್ಲೂ ಹಳೆಯ ಆರ್.ಸಿ. ಬುಕ್ಕು, ವಿಮೆಯ ಕಾಗದ, ಯಾರೋ ಯಾರಿಗೋ ಗಾಡಿಯ ಬಗ್ಗೆ ಬರೆದ ಕಾರ್ಡು ಇರಬಹುದು. ಗಾಡಿ ಹೋಗಿ ಎಷ್ಟೋ ವರ್ಷವಾಗಿರಬಹುದು. ರದ್ದಿಗೆ ಹಾಕುವ ಮುಂಚೆ ಒಮ್ಮೆ ಫೋಟೊ ತೆಗೆದಿಡಿ, ಪುಟದ ಎರಡೂ ಬದಿಯದು. ಚಾಸಿ ನಂಬರು, ಇಂಜಿನ್ ನಂಬರು ಎಲ್ಲಾದರೂ ಇದೆಯೇ ನೋಡಿ, ಅಂಚಿನ ಪೆನ್ಸಿಲ್ ಗುರುತನ್ನೂ ಬಿಡಬೇಡಿ. ಆಚೆ ತುದಿಯ ಪುಸ್ತಕವನ್ನು ಯಾರೋ ಇಂಗ್ಲೆಂಡಿನಲ್ಲಿ ಜೋಪಾನ ಮಾಡಿದ್ದಾರೆ. ಈಚೆ ತುದಿಯದು ನಮ್ಮ ನಮ್ಮ ಮನೆಗಳಲ್ಲೇ ಇದೆ.